ಸ್ಪೀಕರ್ ಗ್ರಾಫ್ ಓದುವುದು ಹೇಗೆ: 300 ಹರ್ಟ್ಝ್ ಮೇಲೆ ಕಾಗದ, ಕೆಳಗೆ ನಿಮ್ಮ ಮನೆ

ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಅಂಗಡಿಗೆ ಹೋಗಿ ಒಳ್ಳೆಯ ಸ್ಪೀಕರ್ ತೋರಿಸಿ ಅಂದರೆ ಮೊದಲು ಕಿವಿಗೆ ಬೀಳುವುದು ವ್ಯಾಟ್ ಲೆಕ್ಕ. ಡಬ್ಬಿ ತಿರುಗಿಸಿ ನೋಡಿದರೆ ‘20 ಹರ್ಟ್ಝ್‌ನಿಂದ 20 ಕಿಲೋಹರ್ಟ್ಝ್’ ಅಂತ ಅಚ್ಚಾಗಿರುತ್ತದೆ. ಇವೆರಡನ್ನು ಇಟ್ಟುಕೊಂಡು ಸ್ಪೀಕರ್ ಹೇಗೆ ಕೇಳಿಸುತ್ತದೆ ಅಂತ ಯಾರೂ ಹೇಳಲಾರರು. ಹರ್ಟ್ಝ್ ಅಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ. 20ರಿಂದ 20 ಸಾವಿರ ಅನ್ನುವುದು ಮನುಷ್ಯನ ಕಿವಿಯ ವ್ಯಾಪ್ತಿ, ಅಷ್ಟೆ. ಆ ವ್ಯಾಪ್ತಿಯೊಳಗೆ ಸದ್ದು ಎಷ್ಟು ಏರಿಳಿಯುತ್ತದೆ ಅಂತ ಹೇಳದಿದ್ದರೆ ಅದಕ್ಕೆ ಬೆಲೆಯೇ ಇಲ್ಲ. ‘50 ಹರ್ಟ್ಝ್‌ನಿಂದ 20 ಕಿಲೋಹರ್ಟ್ಝ್, ಹೆಚ್ಚು ಕಡಿಮೆ 3 ಡೆಸಿಬೆಲ್’ ಅಂತಿದ್ದರೆ ಸ್ವಲ್ಪ ನಂಬಬಹುದು. ಗ್ರಾಫನ್ನೇ ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ ಎಡದಿಂದ ಬಲಕ್ಕೆ ಹರ್ಟ್ಝ್, ಕೆಳಗಿನಿಂದ ಮೇಲಕ್ಕೆ ಡೆಸಿಬೆಲ್, ಅಂದರೆ ಸದ್ದಿನ ಜೋರು. ಈಗ ಅನೇಕ ಸ್ಪೀಕರ್‌ಗಳ ಗ್ರಾಫ್ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಅದನ್ನು ಓದುವುದು ಕಷ್ಟವೇನಲ್ಲ.

ಮೊದಲು ಅಳತೆಪಟ್ಟಿ ನೋಡಿ

ಗೆರೆ ನೋಡುವ ಮೊದಲು ಎಡಬದಿಯ ಡೆಸಿಬೆಲ್ ಅಂಕಿಗಳನ್ನು ನೋಡಿ. ಪೂರ್ತಿ ಎತ್ತರ 100 ಡೆಸಿಬೆಲ್ ಇದ್ದರೆ ಎಂಥ ಸ್ಪೀಕರಿನ ಗೆರೆಯೂ ನೆಟ್ಟಗೆ ಕಾಣುತ್ತದೆ. 50 ಡೆಸಿಬೆಲ್ ಇದ್ದರೆ ಓದಲು ಸರಿ. ಇನ್ನೊಂದು, ಗೆರೆಯನ್ನು ಎಷ್ಟು ನಯ ಮಾಡಿದ್ದಾರೆ ಅನ್ನುವುದು. 1/3 ಆಕ್ಟೇವ್ (ಹರ್ಟ್ಝ್ ಎರಡು ಪಟ್ಟಾಗುವ ಅಂತರವೇ ಒಂದು ಆಕ್ಟೇವ್) ಅಂತಿದ್ದರೆ ಸಣ್ಣ ಡೊಂಕುಗಳೆಲ್ಲ ಒರೆಸಿಹೋಗಿರುತ್ತವೆ. 1/24 ಇದ್ದರೆ ಕಂಪನಿ ಏನನ್ನೂ ಬಚ್ಚಿಟ್ಟಿಲ್ಲ ಅನ್ನಬಹುದು.

ಎದುರಿನ ಗೆರೆ

ಸ್ಪೀಕರಿನ ನೇರ ಎದುರು ಮೈಕ್ ಇಟ್ಟು ತೆಗೆದ ಗೆರೆ ಇದು. ಸಾಧ್ಯವಾದಷ್ಟು ಸಮತಟ್ಟಾಗಿದ್ದರೆ ಒಳ್ಳೆಯದು. ಉಬ್ಬು ಎಲ್ಲಿದೆ ಅನ್ನುವುದರ ಮೇಲೆ ಕೇಳಿಸುವ ರೀತಿ ಬದಲಾಗುತ್ತದೆ. 200ರಿಂದ 500 ಹರ್ಟ್ಝ್ ನಡುವೆ ಉಬ್ಬಿದ್ದರೆ ಗಂಡಸರ ದನಿ ಡಬ್ಬಿಯೊಳಗಿಂದ ಬಂದ ಹಾಗಿರುತ್ತದೆ. 2ರಿಂದ 4 ಕಿಲೋಹರ್ಟ್ಝ್‌ನಲ್ಲಿ ಉಬ್ಬಿದ್ದರೆ ಮೊದಲ ಐದು ನಿಮಿಷ ‘ಆಹಾ, ಎಷ್ಟು ಸ್ಪಷ್ಟ’ ಅನಿಸುತ್ತದೆ, ಆಮೇಲೆ ಕಿವಿ ದಣಿಯುತ್ತದೆ. ಅಂಗಡಿಯಲ್ಲಿ ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. 6ರಿಂದ 9 ಕಿಲೋಹರ್ಟ್ಝ್‌ನ ಉಬ್ಬು ‘ಸ’, ‘ಶ’ಗಳನ್ನು ಚುಚ್ಚುವಂತೆ ಮಾಡುತ್ತದೆ.

ಕಣ್ಣಿಗೆ ಹೆದರಿಕೆ ಹುಟ್ಟಿಸುವುದೆಲ್ಲ ಕಿವಿಗೆ ಕೇಳುವುದಿಲ್ಲ. ಸೂಜಿಯಂಥ ಕಿರಿದಾದ ತಗ್ಗು ಬಹಳ ಸಲ ಗೊತ್ತೇ ಆಗುವುದಿಲ್ಲ. ಅಗಲವಾಗಿ ಹರಡಿದ ಎರಡೇ ಡೆಸಿಬೆಲ್ ಉಬ್ಬು ಮಾತ್ರ ಪ್ರತಿ ಹಾಡಿನಲ್ಲೂ ಕೇಳುತ್ತದೆ. ಆಳಕ್ಕಿಂತ ಅಗಲ ನೋಡಿ.

ಪಕ್ಕದ ಗೆರೆಗಳು, ನಿಜವಾದ ಪರೀಕ್ಷೆ

ನಾವು ಸ್ಪೀಕರಿನ ನೇರ ಸದ್ದನ್ನಷ್ಟೇ ಕೇಳುವುದಿಲ್ಲ. ಅದು ಪಕ್ಕಕ್ಕೆ, ಮೇಲಕ್ಕೆ, ಕೆಳಕ್ಕೆ ಚೆಲ್ಲಿದ ಸದ್ದೂ ಗೋಡೆಗೆ ಬಡಿದು ನಮ್ಮ ಬಳಿಗೇ ಬರುತ್ತದೆ. ಕೊಡಗಿನ ಮನೆಗಳಲ್ಲಿ ಇದು ಜಾಸ್ತಿ. ರೆಡ್ ಆಕ್ಸೈಡ್ ನೆಲ, ಬೋಳು ಗೋಡೆ, ಹೊಸ ಮನೆಯಾದರೆ ತೋಟದ ಕಡೆಗೆ ದೊಡ್ಡ ಗಾಜಿನ ಕಿಟಕಿ. ಇವು ಯಾವುವೂ ಸದ್ದನ್ನು ಅಷ್ಟಾಗಿ ಹೀರುವುದಿಲ್ಲ.

ಹಾಗಾಗಿ ಒಳ್ಳೆಯ ಅಳತೆಯಲ್ಲಿ ಸ್ಪೀಕರನ್ನು 10 ಡಿಗ್ರಿಗೊಮ್ಮೆ ತಿರುಗಿಸುತ್ತಾರೆ. ಅಡ್ಡಕ್ಕೊಂದು ಸುತ್ತು, ಲಂಬಕ್ಕೊಂದು ಸುತ್ತು, ಒಟ್ಟು 70 ಅಳತೆ. ಸಿಟಿಎ-2034 ಅನ್ನುವ ಮಾನದಂಡದ ಗ್ರಾಫ್ ಹುಟ್ಟುವುದು ಹೀಗೆ. ಜನ ಇದನ್ನು ಸ್ಪಿನೋರಾಮಾ ಅನ್ನುತ್ತಾರೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಆಮೇಲೆ ಹಾರ್ಮನ್ ಕಂಪನಿಯಲ್ಲಿ ಫ್ಲಾಯ್ಡ್ ಟೂಲ್ ನಡೆಸಿದ ಕೆಲಸ ಇದರ ಬೇರು. ಸ್ಪೀಕರ್ ಕಾಣದ ಹಾಗೆ ಪರದೆ ಕಟ್ಟಿ ಕೇಳಿಸಿದಾಗ ಹೆಚ್ಚಿನವರು ಮೆಚ್ಚಿದ್ದು ಎದುರಿನ ಗೆರೆ ಸಮತಟ್ಟಾಗಿದ್ದು, ಪಕ್ಕದ ಗೆರೆಗಳು ಅದೇ ಆಕಾರದಲ್ಲಿ ನಿಧಾನ ಇಳಿಯುವ ಸ್ಪೀಕರ್‌ಗಳನ್ನು. 2004ರಲ್ಲಿ ಅದೇ ಹಾರ್ಮನ್ ಕಂಪನಿಯ ಶಾನ್ ಆಲಿವ್ 70 ಸ್ಪೀಕರ್‌ಗಳ ಗ್ರಾಫ್‌ಗಳಿಂದಲೇ ಕೇಳುಗರ ಮೆಚ್ಚುಗೆಯನ್ನು ಲೆಕ್ಕ ಹಾಕಿ ತೋರಿಸಿದರು. ಲೆಕ್ಕಕ್ಕೂ ಕಿವಿಗೂ ಇದ್ದ ಹೊಂದಾಣಿಕೆ 0.86 (1 ಬಂದರೆ ಪೂರ್ತಿ ಹೊಂದಾಣಿಕೆ). ‘ಗ್ರಾಫ್ ಬೇರೆ, ಕಿವಿ ಬೇರೆ’ ಅನ್ನುವ ಹಳೇ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಾಗಿಲ್ಲ ಅಂತ ನನ್ನ ಅನಿಸಿಕೆ.

ಓದುವ ಕ್ರಮ ಹೀಗೆ. ಎದುರಿನ ಗೆರೆಯ ಕೆಳಗೆ 30 ಡಿಗ್ರಿ, 60 ಡಿಗ್ರಿಯ ಗೆರೆಗಳಿರುತ್ತವೆ. ಹರ್ಟ್ಝ್ ಏರಿದ ಹಾಗೆ ಅವು ಇಳಿಯಬೇಕು, ಇಳಿಯುವುದು ತಪ್ಪಲ್ಲ. ಇಳಿಯುವ ದಾರಿಯಲ್ಲಿ ಎಡವಬಾರದು. 6.5 ಇಂಚಿನ ಊಫರ್ (ತಗ್ಗಿನ ಸದ್ದು ಹೊರಡಿಸುವ ದೊಡ್ಡ ಕೋನ್) ಇರುವ ಸಾಮಾನ್ಯ ಸ್ಪೀಕರ್ ತೆಗೆದುಕೊಳ್ಳಿ. 2 ಕಿಲೋಹರ್ಟ್ಝ್ ಹೊತ್ತಿಗೆ ಊಫರಿನ ಸದ್ದು ಮುಂದಕ್ಕೆ ಕಿರಿದಾಗಿ ಹೋಗತೊಡಗಿರುತ್ತದೆ. ಅಲ್ಲಿಂದ ಮೇಲಿನದು ಕೀರಲು ಸದ್ದಿಗೆಂದೇ ಇರುವ ಸಣ್ಣ ಟ್ವೀಟರಿನ ಪಾಲು, ಅದು ಎಲ್ಲ ಕಡೆಗೂ ಚೆಲ್ಲುತ್ತದೆ. ಎದುರಿನ ಗೆರೆಯಲ್ಲಿ ಇದು ಕಾಣದಿರಬಹುದು. 60 ಡಿಗ್ರಿಯ ಗೆರೆಯಲ್ಲಿ ಮಾತ್ರ 3 ಕಿಲೋಹರ್ಟ್ಝ್ ಹತ್ತಿರ ಗೂನು ಎದ್ದಿರುತ್ತದೆ. ಗಾಜಿಗೆ ಬಡಿದು ಬರುವುದು ಆ ಗೂನೇ. ‘ಗ್ರಾಫ್ ಚೆನ್ನಾಗಿದೆ, ನಮ್ಮ ಹಾಲ್‌ನಲ್ಲಿ ಮಾತ್ರ ಕರ್ಕಶ’ ಅನ್ನುವವರು ಮೊದಲು ಇಲ್ಲಿ ನೋಡಬೇಕು. ಈ ಗೂನನ್ನು, ಬೇಕಾದ ಹರ್ಟ್ಝ್ ಅಷ್ಟನ್ನೇ ಏರಿಸಿ ಇಳಿಸುವ ಈಕ್ವಲೈಜರ್‌ನಿಂದ ಸರಿ ಮಾಡಲಾಗದು. ಅದನ್ನು ಇಳಿಸಿದರೆ ಎದುರಿನ ಗೆರೆಯೂ ಇಳಿಯುತ್ತದೆ. ಪರದೆ ಎಳೆದುಕೊಳ್ಳಿ, ಜಮಖಾನ ಹಾಸಿ, ಸ್ವಲ್ಪ ತಗ್ಗುತ್ತದೆ.

ವ್ಯಾಟ್, ಓಮ್, ಸೆನ್ಸಿಟಿವಿಟಿ

ಬೇಗ ಹೇಳಿ ಮುಗಿಸುತ್ತೇನೆ. 2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಅನ್ನುವುದೇ ಸೆನ್ಸಿಟಿವಿಟಿ. 84 ಇರುವ ಸ್ಪೀಕರಿಗೆ, 90 ಇರುವುದರಷ್ಟು ಸದ್ದು ಮಾಡಲು ನಾಲ್ಕು ಪಟ್ಟು ವ್ಯಾಟ್ ಬೇಕು. ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು. ಅಂದರೆ 500 ವ್ಯಾಟಿಗೂ 1000 ವ್ಯಾಟಿಗೂ ಇರುವ ಅಂತರ ಬರೀ 3 ಡೆಸಿಬೆಲ್! ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ. 4 ಓಮ್ ಸ್ಪೀಕರ್‌ನಲ್ಲಿ ಅದೇ 2.83 ವೋಲ್ಟ್, 8 ಓಮ್ ಸ್ಪೀಕರ್ ಎಳೆಯುವ ಒಂದರ ಬದಲು ಎರಡು ವ್ಯಾಟ್ ಎಳೆಯುತ್ತದೆ. ಅದರ ಅಂಕಿ ದೊಡ್ಡದಾಗಿ ಕಾಣಲು ಅದೂ ಒಂದು ಕಾರಣ.

300 ಹರ್ಟ್ಝ್ ಕೆಳಗೆ

ಇಲ್ಲಿಂದ ಕೆಳಗೆ ಕಂಪನಿಯ ಕಾಗದಕ್ಕಿಂತ ನಿಮ್ಮ ಕೋಣೆಯ ಮಾತೇ ನಡೆಯುವುದು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಕೋಣೆಯ ಉದ್ದವನ್ನು ಮೀಟರಿನಲ್ಲಿ ಅಳೆದು, ಎರಡರಿಂದ ಗುಣಿಸಿ, 343ನ್ನು ಅದರಿಂದ ಭಾಗಿಸಿ. 15 ಅಡಿಯ ಹಾಲ್‌ಗೆ ಸುಮಾರು 38 ಹರ್ಟ್ಝ್ ಬರುತ್ತದೆ, 12 ಅಡಿಯ ಅಗಲಕ್ಕೆ 47. ಕೋಣೆ ಗುಂಯ್‌ಗುಡುವುದು ಈ ಅಂಕಿಗಳಲ್ಲಿ ಮತ್ತು ಇವುಗಳ ಎರಡು ಪಟ್ಟು, ಮೂರು ಪಟ್ಟುಗಳಲ್ಲಿ. ಉದ್ದ, ಅಗಲ, ಎತ್ತರ ಮೂರೂ ಹತ್ತಿರ ಹತ್ತಿರ ಇರುವ ಚೌಕ ಕೋಣೆ ಎಲ್ಲಕ್ಕಿಂತ ತೊಂದರೆಯದು.

ಹಂಚಿನ ಮಾಡು, ಮರದ ಮಚ್ಚು ಇರುವ ಹಳೇ ಮನೆಯಲ್ಲಿ ಬಾಸ್ ಸ್ವಲ್ಪ ಸೋರಿಹೋಗುತ್ತದೆ, ಗುಂಯ್‌ಗುಡುವುದು ಕಡಿಮೆ. ಎಲ್ಲ ಬದಿಯೂ ಕಾಂಕ್ರೀಟ್ ಆದರೆ ಅದು ಹೊರಗೆ ಹೋಗಲು ದಾರಿಯಿಲ್ಲ. ಒಂದೇ ಸ್ಪೀಕರ್ ಕೊಡವರ ಹಿರಿಯರ ಐನ್‌ಮನೆಯಲ್ಲಿ ತೆಳುವಾಗಿಯೂ ಕುಶಾಲನಗರದ ಅಪಾರ್ಟ್‌ಮೆಂಟಿನಲ್ಲಿ ದಪ್ಪವಾಗಿಯೂ ಕೇಳಿಸಿದರೆ ಸ್ಪೀಕರನ್ನು ಬೈಯಬೇಡಿ. ಹಿಂಗೋಡೆಯಿಂದ ಎಷ್ಟು ದೂರ ಅನ್ನುವುದೂ ಮುಖ್ಯ. ಒಂದು ಮೀಟರ್ ಮುಂದಕ್ಕಿಟ್ಟರೆ ಗೋಡೆಗೆ ಬಡಿದು ಬಂದ ಸದ್ದು 86 ಹರ್ಟ್ಝ್ ಆಸುಪಾಸಿನಲ್ಲಿ ನೇರ ಸದ್ದನ್ನು ಕಡಿಯುತ್ತದೆ. ಅಲ್ಲಿ ಬಿದ್ದ ಗುಂಡಿಗೆ ಈಕ್ವಲೈಜರ್‌ನಲ್ಲಿ ಎಷ್ಟು ಸುರಿದರೂ ತುಂಬುವುದಿಲ್ಲ. ಸ್ಪೀಕರ್ ಸರಿಸಿ, ಇಲ್ಲಾ ಕುರ್ಚಿ ಸರಿಸಿ. ಈ ತಗ್ಗಿನ ಭಾಗದ ಉಬ್ಬನ್ನು ಮಾತ್ರ ಈಕ್ವಲೈಜರ್‌ನಿಂದ ಧೈರ್ಯವಾಗಿ ಇಳಿಸಬಹುದು.

ನೀವೇ ಅಳೆಯಬೇಕೆಂದರೆ

ಅಳತೆಗೆಂದೇ ಮಾಡಿದ ಯುಎಸ್‌ಬಿ ಮೈಕ್ ಕೊಳ್ಳಿ. ರೂಮ್ ಈಕ್ಯೂ ವಿಝರ್ಡ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಮೈಕ್ ಜೊತೆ ಬರುವ ತಿದ್ದುಪಡಿ ಫೈಲನ್ನು ಅದರಲ್ಲಿ ಹಾಕುವುದು ಮರೆಯಬೇಡಿ. ನೀವು ಕೂರುವ ಜಾಗದಲ್ಲಿ, ತಲೆಯ ಸುತ್ತಮುತ್ತ ಕೆಲವು ಕಡೆ ಅಳೆದು ಸರಾಸರಿ ತೆಗೆಯಿರಿ. ಕೋಣೆಯೊಳಗಿನ ಗೆರೆ ಸಮತಟ್ಟಾಗಿ ಬರಲೇಬೇಕು ಅಂತ ಹಟ ಹಿಡಿಯಬೇಡಿ. ಒಳ್ಳೆಯ ಸ್ಪೀಕರಿನ ಗೆರೆ ಬಾಸ್‌ನಿಂದ ಮೇಲಿನ ಹರ್ಟ್ಝ್ ಕಡೆಗೆ ಮೆಲ್ಲಗೆ ಇಳಿಯುತ್ತಲೇ ಹೋಗುತ್ತದೆ. ಅದನ್ನು ಎಳೆದು ನೆಟ್ಟಗೆ ಮಾಡಿದರೆ ಸದ್ದು ಚುಚ್ಚುತ್ತದೆ.

ಕೋಣೆಯ ಕಾಟವಿಲ್ಲದೆ ಸ್ಪೀಕರನ್ನಷ್ಟೇ ಅಳೆಯಬೇಕೇ? ಪ್ರಯೋಗಾಲಯ ಹುಡುಕಬೇಡಿ, ಕಾಫಿ ಒಣಗಿಸುವ ಕಣ ಇದೆಯಲ್ಲ. ಕುಯ್ಲು ಶುರುವಾಗುವ ಮೊದಲು ಸಿಮೆಂಟ್ ಕಣ ಖಾಲಿ ಬಿದ್ದಿರುತ್ತದೆ. ಸ್ಪೀಕರನ್ನು ನೆಲದ ಮೇಲಿಟ್ಟು ಮೈಕಿನ ಕಡೆ ಸ್ವಲ್ಪ ಬಾಗಿಸಿ, ಎರಡು ಮೀಟರ್ ದೂರದಲ್ಲಿ ಮೈಕನ್ನು ನೆಲಕ್ಕೇ ತಾಗಿಸಿಡಿ. ನೆಲದಿಂದ 6 ಡೆಸಿಬೆಲ್ ಜಾಸ್ತಿ ಬರುತ್ತದೆ, ಆಕಾರ ಮಾತ್ರ ಸರಿಯಿರುತ್ತದೆ. ಗೋಡೆ, ಜೀಪು ದೂರವಿರಲಿ. ಗಾಳಿಯಿಲ್ಲದ ಬೆಳಗ್ಗೆ ಒಳ್ಳೆಯದು. ಸಂಜೆಯಾದರೆ ಜೀರುಂಡೆಗಳು ಮೇಲಿನ ಕಿಲೋಹರ್ಟ್ಝ್‌ಗಳನ್ನು ಪೂರಾ ಹಾಳು ಮಾಡುತ್ತವೆ.

ಕಿವಿಗೆ ತಾಳೆ ಹಾಕುವಾಗ

ಎರಡು ಸ್ಪೀಕರ್ ಹೋಲಿಸುವುದಾದರೆ ಸದ್ದಿನ ಮಟ್ಟ ಒಂದೇ ಮಾಡಿಕೊಳ್ಳಿ. ಒಂದು ಡೆಸಿಬೆಲ್ ಜೋರಿದ್ದರೂ ‘ಇದೇ ಚೆನ್ನಾಗಿದೆ’ ಅನಿಸಿಬಿಡುತ್ತದೆ. ಸಣ್ಣಗೆ ಇಟ್ಟರೆ ಬಾಸ್ ಕಡಿಮೆ ಕೇಳುವುದು ಕಿವಿಯ ಸ್ವಭಾವ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಅಮೆರಿಕದ ವಿಜ್ಞಾನಿಗಳು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಡಿನ ಜೊತೆ ಒಂದು ಮಾತಿನ ಧ್ವನಿಯೂ ಇರಲಿ. ಮನೆಯವರ ದನಿಯನ್ನು ಚೆನ್ನಾಗಿ ರೆಕಾರ್ಡ್ ಮಾಡಿಕೊಂಡರೆ ಸಾಕು, ಅದು ಹೇಗಿರಬೇಕು ಅಂತ ನಿಮಗೆ ಗೊತ್ತಲ್ವಾ? ಆಷಾಢದ ಮಳೆ ಹಂಚಿನ ಮೇಲೆ ಸುರಿಯುವಾಗ ಈ ಕೆಲಸ ಬೇಡ. ಸಣ್ಣ ಸದ್ದುಗಳೆಲ್ಲ ಮಳೆಯೊಳಗೆ ಮುಳುಗುತ್ತವೆ, ನೀವು ಸುಮ್ನೆ ವಾಲ್ಯೂಮ್ ಏರಿಸುತ್ತಾ ಹೋಗುತ್ತೀರಿ. ಇನ್ನು ಕಂಪನಿಯ ಹೆಸರು ಕಂಡರೆ ತೀರ್ಪು ವಾಲುತ್ತದೆ. ಸದ್ದು ದಾಟುವಂಥ ತೆಳು ಬಟ್ಟೆಯೊಂದನ್ನು ಎರಡರ ಮುಂದೆಯೂ ಕಟ್ಟಿ, ಬದಲಿಸುವ ಕೆಲಸವನ್ನು ಬೇರೆಯವರಿಗೆ ಬಿಡಿ.