ಹೊಳೆಯ ದಡದಲ್ಲಿ ನಿಂತು ಕಲಿಯುವ ಇಂಗ್ಲಿಷ್

ಕೊಡಗಿನ ಕಕ್ಕಬ್ಬೆಯ ನಮ್ಮ ಕಾಫಿ ತೋಟದ ಕೆಳಗೆ ಒಂದು ತೋಡು ಹರಿಯುತ್ತದೆ. ಹೋಂಸ್ಟೇ ತೆರೆದ ಮೊದಲ ವರ್ಷ, ಜುಲೈ ತಿಂಗಳ ಒಂದು ಮಧ್ಯಾಹ್ನ, ಮಗುವನ್ನು ಅಲ್ಲಿ ಆಡಲು ಬಿಡಬಹುದೇ ಎಂದು ಅತಿಥಿಯೊಬ್ಬರು ಇಂಗ್ಲಿಷಿನಲ್ಲಿ ಕೇಳಿದರು. ‘ಸ್ಮಾಲ್ ರಿವರ್, ಬಟ್ ವಾಟರ್ ಈಸ್ ಮೋರ್’ ಎಂದೆ. ಅವರು ನಕ್ಕು ತಲೆಯಾಡಿಸಿ, ಮಗುವಿನ ಕೈ ಹಿಡಿದು ಇಳಿದೇ ಬಿಟ್ಟರು. ಮೇಲೆ ತಡಿಯಂಡಮೋಳ್ ಬೆಟ್ಟದ ಕಡೆ ಮಳೆ ಹೊಯ್ಯುತ್ತಿತ್ತು. ತಿಳಿನೀರು ಕೆಂಪಾಗತೊಡಗಿದ್ದನ್ನು ಕಂಡು ಓಡಿಹೋಗಿ ಮಗುವನ್ನು ಎತ್ತಿಕೊಂಡು ಬಂದೆ. ಅಂದು ನನಗೆ ಬೇಕಾಗಿದ್ದದ್ದು ಎರಡೇ ಮಾತು: ಕರೆಂಟ್ ಮತ್ತು ರೈಸಿಂಗ್. ಸೆಳೆತ ಜೋರಿದೆ, ನೀರು ಏರುತ್ತಿದೆ ಎಂದು ಹೇಳಿದ್ದರೆ ಅವರು ಇಳಿಯುತ್ತಲೇ ಇರಲಿಲ್ಲ.

ಅಂದಿನಿಂದ ನಮ್ಮೂರಿನ ಜೀಪ್ ಚಾಲಕರಿಗೂ ಹೋಂಸ್ಟೇ ಹುಡುಗರಿಗೂ ನೀರಿನ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ನಿಘಂಟು ಬೇಡ. ನೀರಿನ ಜೊತೆ ಮೇಲಿನಿಂದ ಕೆಳಕ್ಕೆ ನಡೆಯಿರಿ, ಪದಗಳು ಸಾಲಾಗಿ ಸಿಗುತ್ತವೆ.

ತಲಕಾವೇರಿಯಿಂದಲೇ ಆರಂಭಿಸೋಣ. ನೆಲದಿಂದ ತಾನಾಗಿ ಉಕ್ಕುವ ಒರತೆ ಸ್ಪ್ರಿಂಗ್. ನದಿ ಹುಟ್ಟುವ ಜಾಗ ಸೋರ್ಸ್. ಹುಟ್ಟುತ್ತದೆ ಎನ್ನಲು ‘ದಿ ಕಾವೇರಿ ರೈಸಸ್ ಅಟ್ ತಲಕಾವೇರಿ’ ಎನ್ನಿ. ಆ ‘ದಿ’ಯನ್ನು ಬಿಡಬೇಡಿ, ಇಂಗ್ಲಿಷಿನಲ್ಲಿ ನದಿಯ ಹೆಸರಿನ ಮುಂದೆ ಅದು ಇರಲೇಬೇಕು. ಇಲ್ಲಿ ರೈಸ್ ಎಂದರೆ ಹುಟ್ಟುವುದು, ನಮ್ಮ ತೋಡಿನಲ್ಲಿ ಏರುವುದು. ಒಂದೇ ಪದಕ್ಕೆ ಎರಡು ಕೆಲಸ.

ತೋಡು, ತೊರೆ, ಹಳ್ಳ ಎಲ್ಲಕ್ಕೂ ಸ್ಟ್ರೀಮ್ ಎಂದರೆ ಸಾಕು. ಬ್ರೂಕ್ ಎಂಬುದು ಕವಿತೆಯಲ್ಲೇ ಹೆಚ್ಚು ಚೆಂದ. ಕ್ರೀಕ್ ವಿಷಯದಲ್ಲಿ ಎಚ್ಚರ: ಅಮೆರಿಕ, ಆಸ್ಟ್ರೇಲಿಯಾದವರಿಗೆ ಅದು ಹಳ್ಳ, ಬ್ರಿಟನ್ನಿನವರಿಗೆ ಸಮುದ್ರದ ನೀರು ಒಳನುಗ್ಗುವ ಕಿರಿದಾದ ಚಾಚು. ಹೊಳೆ, ನದಿ ಎರಡೂ ರಿವರ್.

ತಲಕಾವೇರಿಯಿಂದ 8 ಕಿಲೋಮೀಟರ್ ಇಳಿದರೆ ಭಾಗಮಂಡಲ. ಕನ್ನಿಕೆ ಬಂದು ಕಾವೇರಿಯನ್ನು ಸೇರುವ ಸಂಗಮಕ್ಕೆ ಕಾನ್‌ಫ್ಲುಯೆನ್ಸ್ ಎನ್ನುತ್ತಾರೆ, ಸೇರುವ ಉಪನದಿಗೆ ಟ್ರಿಬ್ಯುಟರಿ. ಕೂಡಿಗೆಯಲ್ಲಿ ಕಾವೇರಿಗೆ ಸೇರುವ ಹಾರಂಗಿಯೂ ಟ್ರಿಬ್ಯುಟರಿಯೇ. ಭಾಗಮಂಡಲದ ಸಂಗಮದಲ್ಲಿ ಕಣ್ಣಿಗೆ ಕಾಣದೆ ಸೇರುವಳೆಂದು ನಾವು ನಂಬುವ ಮೂರನೆಯ ನದಿ ಸುಜ್ಯೋತಿ ಎಲ್ಲಿ ಎಂದು ಅತಿಥಿಗಳು ಖಂಡಿತ ಹುಡುಕುತ್ತಾರೆ. ಗುಪ್ತಗಾಮಿನಿ ಎಂಬುದಕ್ಕೆ ಒಂಟಿ ಪದ ಹುಡುಕುತ್ತ ಕೂರಬೇಡಿ. ನೆಲದಡಿಯಲ್ಲಿ ಹರಿಯುತ್ತಾಳೆ ಎಂಬ ನಂಬಿಕೆ ನಮ್ಮದು ಎಂದು ಇಡೀ ವಾಕ್ಯದಲ್ಲಿ ಗೌರವದಿಂದ ಹೇಳಿ.

ಈಗ ಸೆಳೆತಕ್ಕೆ ಬರುತ್ತೇನೆ, ಏಕೆಂದರೆ ಜೀವ ಉಳಿಸುವ ಪದ ಅದು. ಕರೆಂಟ್ ಎಂದರೆ ನಮಗೆ ವಿದ್ಯುತ್ತು, ಹಾಗಾಗಿ ಹುಡುಗರು ನೀರಿಗೆ ಆ ಪದ ಬಳಸಲು ಹಿಂಜರಿಯುತ್ತಾರೆ. ಫೋರ್ಸ್ ಎಂದುಬಿಡುತ್ತಾರೆ, ಕೇಳಿದವರಿಗೆ ಅಪಾಯ ಹೊಳೆಯುವುದಿಲ್ಲ. ನಾನು ಒಂದು ಒಣ ಕಾಫಿ ಎಲೆಯನ್ನು ತೋಡಿಗೆ ಬಿಡುತ್ತೇನೆ. ನಡುನೀರಿಗೆ ಬಿದ್ದೊಡನೆ ಅದು ಸರ್ರನೆ ಓಡುತ್ತದೆ: ಅದು ಕರೆಂಟ್. ದೊಡ್ಡ ಬಂಡೆಯ ಹಿಂದೆ ಸಿಕ್ಕಿದ ಎಲೆ ಮುಂದೆ ಹೋಗದೆ, ಹಿಂದಕ್ಕೆ ತಿರುಗಿ ಸುತ್ತುತ್ತಲೇ ಇರುತ್ತದೆ: ಅದು ಎಡ್ಡಿ. ಕೆಳಗಿನ ಮಡುವಿನಲ್ಲಿ ಎಲೆ ನಿಂತಂತೆ ತೇಲುತ್ತದೆ: ಅದು ಪೂಲ್. ಮೂರು ಎಲೆ ಬಿಟ್ಟು ನೋಡಿದ ಹುಡುಗ ಆ ಮೂರು ಪದಗಳನ್ನು ಮತ್ತೆ ಮರೆತದ್ದಿಲ್ಲ. ಬರಪೊಳೆಯಲ್ಲಿ ದೋಣಿ ಕುಪ್ಪಳಿಸುವ ಬಿಳಿನೊರೆಯ ಓಟ ರ‍್ಯಾಪಿಡ್ಸ್. ಕೊನೆಯ ‘ಸ್’ ಬಿಡದೆ ಹೇಳಿ. ಜಲಪಾತ ವಾಟರ್‌ಫಾಲ್, ಹೆಸರಿನ ಜೊತೆಗಾದರೆ ಫಾಲ್ಸ್. ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಅಬ್ಬಿ ಎಂದರೇ ಜಲಪಾತ ಎಂದು ಅತಿಥಿಗಳಿಗೆ ತಿಳಿಸಿ, ಕೇಳಿ ಖುಷಿಪಡುತ್ತಾರೆ.

ದಡದಲ್ಲಿ ನಾವು ಎಡವುತ್ತೇವೆ. ಹೊಳೆಗೂ ಕಡಲಿಗೂ ನಮಗೆ ದಡ ಒಂದೇ. ಇಂಗ್ಲಿಷಿನಲ್ಲಿ ನದಿಗೆ ಬ್ಯಾಂಕ್, ಕೆರೆಗೂ ಕಡಲಿಗೂ ಶೋರ್. ಎಡದಂಡೆ, ಬಲದಂಡೆ ಎನ್ನುವಾಗ ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ನಾಲೆಗಳ ಹೆಸರಿನಲ್ಲಿರುವ ಎಡ-ಬಲವೂ ಅದೇ ಲೆಕ್ಕ. ಹರಿವಿನ ಮೇಲ್ಭಾಗ ಅಪ್‌ಸ್ಟ್ರೀಮ್, ಕೆಳಭಾಗ ಡೌನ್‌ಸ್ಟ್ರೀಮ್. ರೈವಲ್ ಎಂಬ ಪದದ ಲ್ಯಾಟಿನ್ ಮೂಲ ಒಂದೇ ತೊರೆಯ ನೀರನ್ನು ಬಳಸುವವನು ಎಂದು. ಕಾವೇರಿ ತೀರದವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವುದಕ್ಕೆ ನಮ್ಮ ಇಂಗ್ಲಿಷ್ ಪತ್ರಿಕೆಗಳು ‘ಇನ್ ಸ್ಪೇಟ್’ ಎಂದು ಬರೆಯುತ್ತವೆ. ಹೊರದೇಶದ ಎಷ್ಟೋ ಮಂದಿಗೆ ಅದು ಅರ್ಥವಾಗುವುದಿಲ್ಲ. ‘ಇನ್ ಫ್ಲಡ್’ ಎನ್ನುವುದೇ ಮೇಲು. ದಡ ಮೀರಿದರೆ ‘ಬರ್ಸ್ಟ್ ಇಟ್ಸ್ ಬ್ಯಾಂಕ್ಸ್’. ಭಾಗಮಂಡಲದ ರಸ್ತೆ ಮುಳುಗಿದ ದಿನ ವ್ಯಾಕರಣದ ಚಿಂತೆ ಬಿಟ್ಟು, ‘ರೋಡ್ ಅಂಡರ್ ವಾಟರ್, ಡು ನಾಟ್ ಕ್ರಾಸ್’ ಎಂದು ಗಟ್ಟಿಯಾಗಿ ಹೇಳಿ.

ನಮ್ಮ ತೋಡಿನ ಕಾಲುದಾರಿಯಲ್ಲಿ ಈಗ ಒಂದು ಹಲಗೆ ಇದೆ. ಜೂನ್ ಮೊದಲ ಮಳೆಗೆ ತೂಗುಹಾಕುತ್ತೇನೆ, ನೀರು ತಿಳಿಯಾದ ಮೇಲೆ ಇಳಿಸುತ್ತೇನೆ. ಅದರ ಮೇಲೆ ಎರಡೇ ಪದ: ‘ಸ್ಟ್ರಾಂಗ್ ಕರೆಂಟ್’.