ಹೊಸ ರೂಟರ್ ಸಿದ್ಧವಾಗುವ ಮುಂಚೆ ಅದರ ಮೇಲೆ ಟ್ರಾನ್ಸಿಟ್ (ಹಾದುಹೋಗುವ ಟ್ರಾಫಿಕ್) ಬೀಳದಂತೆ: ಮ್ಯಾಕ್ಸ್-ಮೆಟ್ರಿಕ್ ನಾನು ಬಳಸುವ ರೀತಿ

ಕೋರ್‌ಗೆ ಹೊಸ ಸಿಸ್ಕೋ ರೂಟರ್ ಸೇರಿಸುವಾಗ, ಒಎಸ್‌ಪಿಎಫ್ (ನೆಟ್‌ವರ್ಕ್ ಒಳಗೆ ಕಡಿಮೆ ಕಾಸ್ಟಿನ ದಾರಿ ಹುಡುಕುವ ಪ್ರೋಟೋಕಾಲ್) ಪ್ರೋಸೆಸ್ ಒಳಗೆ ನಾನು ಮೊದಲು ಹಾಕುವ ಸಾಲು ‘ಮ್ಯಾಕ್ಸ್-ಮೆಟ್ರಿಕ್ ರೂಟರ್-ಎಲ್‌ಎಸ್‌ಎ’. ಇಂಟರ್‌ಫೇಸ್‌ಗಳನ್ನು ಸೇರಿಸುವುದು ಅದಾದ ಮೇಲೆ. ಕ್ರಮ ಉಲ್ಟಾ ಆದರೆ ಅಡ್ಜಸೆನ್ಸಿ (ನೆರೆಯ ರೂಟರ್ ಜೊತೆಗಿನ ಒಎಸ್‌ಪಿಎಫ್ ಸಂಬಂಧ) ಬೇಗನೆ ಫುಲ್ ಆಗಿಬಿಡುತ್ತದೆ, ಹೊಸ ಲಿಂಕ್‌ನ ಕಾಸ್ಟ್ ಕಡಿಮೆಯಿದ್ದರೆ ನೆರೆಯ ರೂಟರ್‌ಗಳು ಟ್ರಾಫಿಕ್ಕನ್ನು ಆ ಕಡೆ ತಿರುಗಿಸುತ್ತವೆ. ಹೊರಗಿನ ನೆಟ್‌ವರ್ಕ್‌ಗಳ ರೂಟ್ ಕಲಿಸುವ ಬಿಜಿಪಿ ಮಾತ್ರ ಇನ್ನೂ ಏಳುತ್ತಿರುತ್ತದೆ. ಇಡೀ ಇಂಟರ್ನೆಟ್ಟಿನ ಐಪಿವಿ4 ಫುಲ್ ಟೇಬಲ್ ಎಂದರೆ 9 ಲಕ್ಷಕ್ಕೂ ಹೆಚ್ಚು ಪ್ರಿಫಿಕ್ಸ್ (ವಿಳಾಸಗಳ ಗುಂಪು). ಅಷ್ಟನ್ನೂ ಕಲಿತು ಎಫ್‌ಐಬಿಗೆ (ಪ್ಯಾಕೆಟ್ ಕಳಿಸಲು ನೋಡುವ ಕೋಷ್ಟಕಕ್ಕೆ) ಇಳಿಸಲು ನಿಮಿಷಗಳೇ ಹಿಡಿಯುತ್ತವೆ. ಆ ನಡುವೆ ಬಂದ ಪ್ಯಾಕೆಟ್‌ಗೆ ರೂಟ್ ಇಲ್ಲ, ಡ್ರಾಪ್. ಲಿಂಕ್ ಅಪ್, ಒಎಸ್‌ಪಿಎಫ್ ಫುಲ್, ಹಾಗಾಗಿ ಅಲಾರ್ಮ್ ಕೂಡ ಬರುವುದಿಲ್ಲ.

ಆ ಸಾಲು ಹಾಕಿದರೆ ರೂಟರ್ ತನ್ನ ಎಲ್‌ಎಸ್‌ಎಯಲ್ಲಿ (ತನ್ನ ಲಿಂಕ್‌ಗಳನ್ನು ಇತರರಿಗೆ ಸಾರುವ ಸಂದೇಶದಲ್ಲಿ) ಪಾಯಿಂಟ್-ಟು-ಪಾಯಿಂಟ್ ಮತ್ತು ಟ್ರಾನ್ಸಿಟ್ ಲಿಂಕ್‌ಗಳಿಗೆ ಗರಿಷ್ಠ ಕಾಸ್ಟ್ 65535 ಎಂದು ಸಾರುತ್ತದೆ. 2001ರ ಇಂಟರ್ನೆಟ್ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 3137 ಇದನ್ನು ವಿವರಿಸಿತು, ಈಗ ಚಾಲ್ತಿಯಲ್ಲಿರುವುದು 2013ರ 6987. ಏರಿದ್ದು ಹೊಸ ರೂಟರ್‌ನಿಂದ ಹೊರಡುವ ದಿಕ್ಕಿನ ಕಾಸ್ಟ್ ಮಾತ್ರ. ಹಳೆಯ ದಾರಿ 100, ಹೊಸ ರೂಟರ್‌ನ ಎರಡೂ ಲಿಂಕ್ 10 ಎಂದಿಟ್ಟುಕೊಳ್ಳಿ: ಅದರ ಮೂಲಕ ಹಾಯುವ ದಾರಿ 10 + 65535 = 65545, ಯಾರೂ ಹಿಡಿಯುವುದಿಲ್ಲ. ಅದರ ಲೂಪ್‌ಬ್ಯಾಕ್ (ರೂಟರ್‌ನ ಸ್ವಂತ ವಿಳಾಸವಿರುವ ವರ್ಚುವಲ್ ಇಂಟರ್‌ಫೇಸ್) ಮುಂದೆ ದಾರಿಯಿಲ್ಲದ ಸ್ಟಬ್ ಲಿಂಕ್ ಆದ್ದರಿಂದ ಕಾಸ್ಟ್ ಏರದೆ ಅಲ್ಲಿಗೆ 10 + 1 = 11. ಐಬಿಜಿಪಿ (ನಮ್ಮದೇ ರೂಟರ್‌ಗಳ ನಡುವಿನ ಬಿಜಿಪಿ) ಸೆಷನ್, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಎಲ್ಲ ಎಂದಿನಂತೆ. ಇದೇ ಕಾರಣಕ್ಕೆ, ಸ್ಟಬ್ ಲಿಂಕ್‌ಗಳ ಕಾಸ್ಟನ್ನೂ ಏರಿಸುವ ‘ಇನ್‌ಕ್ಲೂಡ್-ಸ್ಟಬ್’ ನಾನು ಸೇರಿಸುವುದಿಲ್ಲ.

ಹೆಚ್ಚಿನವರು ಎಡವುವುದು ಎಕ್ಸ್‌ಟರ್ನಲ್ ರೂಟ್‌ಗಳಲ್ಲಿ (ಒಎಸ್‌ಪಿಎಫ್ ಹೊರಗಿನಿಂದ ತಂದವು). ಹೊಸ ರೂಟರ್ ಡಿಫಾಲ್ಟ್ ರೂಟನ್ನು (ಬೇರೆ ರೂಟ್ ಸಿಗದಾಗ ಹಿಡಿಯುವ ದಾರಿ) ಇ2 ಬಗೆಯ ಎಕ್ಸ್‌ಟರ್ನಲ್ ರೂಟ್ ಆಗಿ ಸಾರುತ್ತಿದ್ದರೆ, ಇತರರು ಮೊದಲು ಎಕ್ಸ್‌ಟರ್ನಲ್ ಮೆಟ್ರಿಕ್ ನೋಡುತ್ತಾರೆ, ಅದು ಸಮವಾದರೆ ಎಎಸ್‌ಬಿಆರ್‌ವರೆಗಿನ (ಆ ರೂಟನ್ನು ಒಎಸ್‌ಪಿಎಫ್‌ಗೆ ತಂದ ರೂಟರ್‌ವರೆಗಿನ) ಕಾಸ್ಟ್. ಆ ಕಾಸ್ಟ್ ಈಗಷ್ಟೇ ಹೇಳಿದಂತೆ ಏರಿಲ್ಲ! ಹಾಗಾಗಿ ಡಿಫಾಲ್ಟ್ ಟ್ರಾಫಿಕ್ ನೇರ ಇಲ್ಲಿಗೇ ಬರುತ್ತದೆ. ಎಎಸ್‌ಬಿಆರ್ ಆದರೆ ‘ಎಕ್ಸ್‌ಟರ್ನಲ್-ಎಲ್‌ಎಸ್‌ಎ’, ಎಬಿಆರ್ (ಒಎಸ್‌ಪಿಎಫ್ ಏರಿಯಾಗಳನ್ನು ಬೆಸೆಯುವ ರೂಟರ್) ಆದರೆ ‘ಸಮರಿ-ಎಲ್‌ಎಸ್‌ಎ’ ಸೇರಿಸಲೇಬೇಕು. ಎರಡಕ್ಕೂ ಡಿಫಾಲ್ಟ್ ಮೌಲ್ಯ 16711680.

ಆಮೇಲೆ ‘ಶೋ ಐಪಿ ಒಎಸ್‌ಪಿಎಫ್ ಡೇಟಾಬೇಸ್ ರೂಟರ್’ ಕಮಾಂಡನ್ನು ನೆರೆಯ ರೂಟರ್‌ನಲ್ಲಿ ಕೊಟ್ಟು 65535 ಕಾಣುತ್ತದೆಯೇ ನೋಡುತ್ತೇನೆ. ಹೊಸದರಲ್ಲೇ ನೋಡಿದರೆ ಎಲ್‌ಎಸ್‌ಎ ಹರಡಿದೆಯೋ ಇಲ್ಲವೋ ತಿಳಿಯದು. ಬಿಜಿಪಿ ಪ್ರಿಫಿಕ್ಸ್ ಸಂಖ್ಯೆ ಪಕ್ಕದ ಕೋರ್‌ಗೆ ಹತ್ತಿರ ಬಂದು ನಿಂತು, ಎಲ್‌ಡಿಪಿ (ಎಂಪಿಎಲ್‌ಎಸ್ ಲೇಬಲ್ ಹಂಚುವ ಪ್ರೋಟೋಕಾಲ್) ಸೆಷನ್‌ಗಳೂ ಎದ್ದ ಮೇಲೆ ‘ನೋ’ ಕೊಟ್ಟು ಸಾಲು ತೆಗೆಯುತ್ತೇನೆ. ತೆಗೆಯುವವರೆಗೂ ಕಾನ್ಫಿಗ್ ಸೇವ್ ಮಾಡಬೇಡಿ; ಸೇವ್ ಆದರೆ ಮುಂದಿನ ರೀಬೂಟ್ ನಂತರವೂ ರೂಟರ್ 65535 ಅನ್ನೇ ಸಾರುತ್ತಿರುತ್ತದೆ.

ಶಾಶ್ವತವಾಗಿ ಉಳಿಸುವುದು ಅದೇ ಸಾಲಿನ ‘ಆನ್-ಸ್ಟಾರ್ಟಪ್ ವೇಟ್-ಫಾರ್-ಬಿಜಿಪಿ’ ರೂಪವನ್ನು. ರೀಬೂಟ್ ಆದಾಗ ಬಿಜಿಪಿ ಕನ್ವರ್ಜ್ ಆಗುವವರೆಗೆ (ರೂಟ್‌ಗಳನ್ನೆಲ್ಲ ಕಲಿಯುವವರೆಗೆ) ಕಾಯುತ್ತದೆ, ಆಗದಿದ್ದರೆ 600 ಸೆಕೆಂಡಿಗೆ ಬಿಡುತ್ತದೆ. ಲೇಬಲ್ ನೋಡಿ ಮಾತ್ರ ಸಾಗಿಸುವ, ಬಿಜಿಪಿ ಇಲ್ಲದ ಪಿ ರೂಟರ್‌ಗೆ ಇದು ಅರ್ಥವಿಲ್ಲದ್ದು, ಅಲ್ಲಿ 5ರಿಂದ 86400ರ ನಡುವೆ ಸೆಕೆಂಡುಗಳನ್ನೇ ಕೊಡಿ. ನಾನು 300 ಇಡುತ್ತೇನೆ.

ಐಎಸ್-ಐಎಸ್‌ನಲ್ಲಿ (ಒಎಸ್‌ಪಿಎಫ್‌ನಂಥದೇ ಇನ್ನೊಂದು ಪ್ರೋಟೋಕಾಲ್) ಇದೇ ಕೆಲಸಕ್ಕೆ ‘ಸೆಟ್-ಓವರ್‌ಲೋಡ್-ಬಿಟ್ ಆನ್-ಸ್ಟಾರ್ಟಪ್’. ಆದರೆ ವ್ಯತ್ಯಾಸ ದೊಡ್ಡದು: 65535 ಎಂದರೆ ಕೊನೆಯ ಆಯ್ಕೆ, ಬೇರೆ ದಾರಿಯೇ ಇಲ್ಲದಿದ್ದರೆ ಟ್ರಾಫಿಕ್ ಅದರ ಮೇಲೇ ಹಾಯುತ್ತದೆ. ಓವರ್‌ಲೋಡ್ ಬಿಟ್ ಎಂದರೆ ಹಾಯುವಂತೆಯೇ ಇಲ್ಲ. ಕರೆಂಟ್ ಹೋಗಿ ಒಂದು ಪಾಪ್‌ನ (ನೆಟ್‌ವರ್ಕ್‌ನ ಸ್ಥಳೀಯ ಕೇಂದ್ರದ) ಎರಡೂ ರೂಟರ್ ಒಟ್ಟಿಗೆ ರೀಬೂಟ್ ಆದರೆ, ಟೈಮರ್ ಮುಗಿಯುವವರೆಗೆ ಅವುಗಳ ಹಿಂದಿರುವ ರೂಟರ್‌ಗಳೆಲ್ಲ ಉಳಿದ ನೆಟ್‌ವರ್ಕ್‌ನಿಂದ ಕಡಿದುಹೋಗುತ್ತವೆ. ಅದಕ್ಕೇ ಜೋಡಿಯಲ್ಲಿ ಒಂದಕ್ಕೆ 120, ಇನ್ನೊಂದಕ್ಕೆ 300 ಸೆಕೆಂಡ್ ಕೊಡುತ್ತೇನೆ.