ಬೋರ್ಡ್ ಸತ್ತ ಸರ್ವರ್‌ನಿಂದ ಮಂಡಿ ಲೆಕ್ಕ ಹೊರತೆಗೆದದ್ದು

ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯವರು ತಮ್ಮ ಹಳೇ ಸರ್ವರ್ ತಂದುಕೊಟ್ಟರು. ಮದರ್‌ಬೋರ್ಡ್ ಸತ್ತಿತ್ತು. ಒಳಗೆ 500 ಜಿಬಿಯ ಮೂರು ಸಾಟಾ ಡಿಸ್ಕ್. ಮೆಕ್ಕೆಜೋಳದ ತೂಕದ ಚೀಟಿ, ರೈತರಿಗೆ ಕೊಟ್ಟ ಮುಂಗಡ, ಹಮಾಲಿ ಲೆಕ್ಕ ಎಲ್ಲ ಅದರಲ್ಲೇ ಇತ್ತು. ಸಾಹುಕಾರರು ಕೇಳಿದ್ದು ಒಂದೇ ಮಾತು: "ಮಷಿನ್ ಹೋದ್ರೆ ಹೋಗ್ಲಿ. ಬಾಕಿ ಲೆಕ್ಕ ಸಿಗ್ತೈತೇನಪ್ಪಾ?"

ಸಿಗುತ್ತದೆ ಅನ್ನುವ ನಂಬಿಕೆ ನನಗಿತ್ತು. ಅದರಲ್ಲಿ ರೇಡ್‌ಗೆ (ಹಲವು ಡಿಸ್ಕ್‌ಗಳನ್ನು ಒಂದರಂತೆ ಜೋಡಿಸುವ ವಿಧಾನ) ಪ್ರತ್ಯೇಕ ಕಾರ್ಡ್ ಇರಲಿಲ್ಲ, ಲಿನಕ್ಸ್‌ನದೇ ಸಾಫ್ಟ್‌ವೇರ್ ರೇಡ್ 5 ಇತ್ತು. ಕಾರ್ಡ್ ಇದ್ದಿದ್ದರೆ ಅದೇ ಜಾತಿಯ ಕಾರ್ಡ್ ಹುಡುಕಬೇಕಾಗುತ್ತಿತ್ತು. ಸಾಫ್ಟ್‌ವೇರ್ ರೇಡ್‌ನಲ್ಲಿ ತಾನು ಯಾವ ಗುಂಪಿನವನು, ಎಷ್ಟನೆಯವನು, ಚಂಕ್ (ಒಂದು ಡಿಸ್ಕ್‌ಗೆ ಒಮ್ಮೆಗೆ ಬರೆಯುವ ತುಂಡು) ಎಷ್ಟು ಅನ್ನುವುದನ್ನು ಪ್ರತಿ ಡಿಸ್ಕ್ ತನ್ನ ಸೂಪರ್‌ಬ್ಲಾಕ್ ಅನ್ನುವ ಗುರುತಿನ ಜಾಗದಲ್ಲೇ ಬರೆದುಕೊಂಡಿರುತ್ತದೆ. ಯಾವ ಪೋರ್ಟ್‌ಗೆ ಯಾವುದನ್ನು ಸಿಕ್ಕಿಸಿದರೂ ಪರವಾಗಿಲ್ಲ.

ಆದರೂ ಡಿಸ್ಕ್‌ಗಳನ್ನು ಹೊಸ ಮಷಿನ್‌ಗೆ ಹಾಕಿ ನೇರವಾಗಿ ಬೂಟ್ ಮಾಡಲಿಲ್ಲ. ಮೊದಲು ಸೀರಿಯಲ್ ನಂಬರ್ ಬರೆದುಕೊಂಡೆ. ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್‌ಗಳ ಆರೋಗ್ಯ ತಿಳಿಸುವ ಸ್ಮಾರ್ಟ್ ವರದಿ ನೋಡಿದೆ. ಒಂದರಲ್ಲಿ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು (ಡಿಸ್ಕ್‌ನ ಸಣ್ಣ ತುಣುಕುಗಳು) ಇದ್ದವು. ಯುಎಸ್‌ಬಿ ಡಾಕ್ ಬಳಸದೆ ಬೋರ್ಡ್‌ನ ಸಾಟಾ ಪೋರ್ಟ್‌ಗೇ ಹಾಕಿದೆ. ಕೆಲವು ಡಾಕ್‌ಗಳು 512 ಬೈಟ್‌ನ ಸೆಕ್ಟರನ್ನು 4096 ಅಂತ ತೋರಿಸುತ್ತವೆ, ಆಗ ಪಾರ್ಟಿಷನ್ ಪಟ್ಟಿಯೇ ಅರ್ಥವಾಗುವುದಿಲ್ಲ.

ಆಮೇಲೆ 4 ಟಿಬಿಯ ಹೊಸ ಡಿಸ್ಕ್‌ಗೆ ಮೂರರದ್ದೂ ಪೂರ್ತಿ ಪ್ರತಿ ತೆಗೆದೆ, ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್‌ನಲ್ಲಿ. ಇದು ಮೊದಲು ಸಲೀಸಾಗಿ ಬರುವ ಭಾಗವನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ. ಎಲ್ಲಿಯವರೆಗೆ ಓದಿದೆ ಅನ್ನುವುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಹಾಗಾಗಿ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯಬಹುದು. ಬೇಸಿಗೆಯಲ್ಲಿ ನಮ್ಮೂರಲ್ಲಿ ಇದು ಎಷ್ಟು ಮುಖ್ಯ ಅಂತ ಹೇಳಬೇಕಾಗಿಲ್ಲ, ಅಲ್ವಾ? ಕೊನೆಗೆ ಓದದೆ ಉಳಿದದ್ದು ಕೆಲವೇ ಕೆಬಿ. ಅಸಲಿ ಡಿಸ್ಕ್‌ಗಳನ್ನು ಬಿಚ್ಚಿ ಪಕ್ಕಕ್ಕಿಟ್ಟೆ.

ಈಗ ಪ್ರತಿಗಳ ಸೂಪರ್‌ಬ್ಲಾಕ್ ಓದಿಸಿದೆ. ಇಲ್ಲಿ ನೋಡಬೇಕಾದದ್ದು ಈವೆಂಟ್ ಸಂಖ್ಯೆ, ಅಂದರೆ ರೇಡ್‌ನ ಸ್ಥಿತಿ ಬದಲಾದಾಗ ಏರುತ್ತಾ ಹೋಗುವ ಎಣಿಕೆ. ಎರಡರಲ್ಲಿ ಅದು ಒಂದೇ ಇತ್ತು. ಮೂರನೆಯದರಲ್ಲಿ ತುಂಬಾ ಕಡಿಮೆ, ತಾರೀಖು ಕೂಡ ಹಳೇದು. ಅಂದರೆ ಆ ಡಿಸ್ಕ್ ತಿಂಗಳುಗಳ ಹಿಂದೆಯೇ ಗುಂಪಿನಿಂದ ಹೊರಬಿದ್ದಿದೆ, ಅಂಗಡಿಯಲ್ಲಿ ಯಾರಿಗೂ ಗೊತ್ತಾಗಿಲ್ಲ. ಎಚ್ಚರಿಕೆಯ ಮೇಲ್ ಸರ್ವರ್‌ನ ಒಳಗಿನ ರೂಟ್ (ಆಡಳಿತದ) ಖಾತೆಗೆ ಹೋಗಿ ಅಲ್ಲೇ ಕೂತಿತ್ತು. ರೇಡ್ 5 ಒಂದು ಡಿಸ್ಕ್ ಇಲ್ಲದೆಯೂ ನಡೆಯುತ್ತದಲ್ಲ, ಹಾಗೇ ನಡೆದಿದೆ. ಆ ಹಳೇ ಡಿಸ್ಕನ್ನು ಸೇರಿಸಿದರೆ ಹಳೇ ಲೆಕ್ಕ ಹೊಸ ಲೆಕ್ಕ ಕಲಸಿಹೋಗುತ್ತದೆ. ಅದನ್ನು ಬಿಟ್ಟು ಎರಡರಲ್ಲೇ ಜೋಡಿಸಲು ಹೊರಟೆ.

ಲಿನಕ್ಸ್ ಒಪ್ಪಲಿಲ್ಲ. ಬೋರ್ಡ್ ಸತ್ತದ್ದು ಕೆಲಸದ ನಡುವೆ. ಒಂದು ಡಿಸ್ಕ್ ಕಡಿಮೆ, ಮೇಲೆ ಸರಿಯಾಗಿ ಮುಚ್ಚಿಲ್ಲ ಅಂದರೆ ಅದು ತಾನಾಗಿ ಶುರುವಾಗುವುದಿಲ್ಲ. ಫೋರ್ಸ್ ಅನ್ನುವ ಆಯ್ಕೆ ಕೊಡಬೇಕು, ಆದರೆ ಫೋರ್ಸ್ ಸೂಪರ್‌ಬ್ಲಾಕ್ ಮೇಲೆ ಬರೆಯುತ್ತದೆ. ಪ್ರತಿಯೂ ಕೆಡಬಾರದು ಅಂತ ಓವರ್‌ಲೇ ಮಾಡಿದೆ. ಪಟ್ಟಿಯ ಮೇಲೆ ತೆಳು ಹಾಳೆ ಇಟ್ಟು ತಿದ್ದಿದ ಹಾಗೆ: ಓದುವುದು ಪ್ರತಿಯಿಂದ, ಬರೆಯುವುದೆಲ್ಲ ಬೇರೊಂದು ಫೈಲ್‌ಗೆ. ತಪ್ಪಾದರೆ ಆ ಫೈಲ್ ಅಳಿಸಿ ಮತ್ತೆ ಮೊದಲಿಂದ ಶುರು ಮಾಡಬಹುದು.

ಇಂಥ ಹೊತ್ತಿನಲ್ಲಿ ಕೆಲವರು "ಕ್ರಿಯೇಟ್ ಕೊಡಿ, ಸರಿಹೋಗುತ್ತೆ" ಅನ್ನುತ್ತಾರೆ. ದಯವಿಟ್ಟು ಅಸಲಿ ಡಿಸ್ಕ್ ಮೇಲೆ ಅದನ್ನು ಮಾಡಬೇಡಿ. ಕ್ರಿಯೇಟ್ ಅಂದರೆ ರೇಡನ್ನು ಹೊಸದಾಗಿ ಕಟ್ಟುವ ಆಯ್ಕೆ, ಅದು ಹೊಸ ಸೂಪರ್‌ಬ್ಲಾಕ್ ಬರೆಯುತ್ತದೆ. ಹಿಂದೆ ಚಂಕ್ ತಾನಾಗಿ 64 ಕೆಬಿ ಆಗುತ್ತಿತ್ತು, ಈಗ 512 ಕೆಬಿ. ಡೇಟಾ ಶುರುವಾಗುವ ಜಾಗವೂ ಬದಲಾಗಿದೆ. ಹಳೆಯದಕ್ಕೆ ಇವು ಹೊಂದದಿದ್ದರೆ ಇದ್ದ ಲೆಕ್ಕವೂ ಕೈತಪ್ಪಬಹುದು.

ಓವರ್‌ಲೇ ಮೇಲೆ ಫೋರ್ಸ್ ಕೊಟ್ಟೆ, ರೇಡ್ ಎದ್ದಿತು. ಅದರ ಮೇಲಿನ ಎಲ್‌ವಿಎಂ (ಡಿಸ್ಕ್ ಜಾಗವನ್ನು ಹಂಚಿ ನೋಡಿಕೊಳ್ಳುವ ಪದರ) ಕಣ್ಣಿಗೆ ಬಿತ್ತು. ಹೊಸ ಮಷಿನ್‌ನ ಎಲ್‌ವಿಎಂ ಗುಂಪಿಗೂ ಅದೇ ಹೆಸರಿದ್ದರೆ ಯುಯುಐಡಿ ಅನ್ನುವ ಗುರುತಿನ ಸಂಖ್ಯೆ ಹಿಡಿದು ಒಂದರ ಹೆಸರು ಬದಲಿಸಬೇಕು, ನನಗೆ ಆ ತೊಂದರೆ ಬರಲಿಲ್ಲ. ಫೈಲ್ ವ್ಯವಸ್ಥೆ ಪರೀಕ್ಷಿಸುವ ಎಫ್‌ಎಸ್‌ಸಿಕೆ ಓಡಿಸಿ, ಓದಲು ಮಾತ್ರ ಬರುವಂತೆ ಮೌಂಟ್ ಮಾಡಿದೆ. ಫೈಲ್‌ಗಳ ಒಡೆಯರ ಜಾಗದಲ್ಲಿ ಬರೀ 500, 501 ಅಂತ ಕಾಣಿಸಿತು. ಸೆಂಟ್‌ಓಎಸ್ 6 ಅನ್ನುವ ಹಳೇ ಲಿನಕ್ಸ್‌ನಲ್ಲಿ ಬಳಕೆದಾರರ ನಂಬರ್ 500ರಿಂದ ಶುರು, ಈಗಿನವುಗಳಲ್ಲಿ 1000ದಿಂದ. ಗುಮಾಸ್ತರ ಕನ್ನಡ ಪತ್ರಗಳು ತೆರೆದಾಗ ಚಿತ್ರವಿಚಿತ್ರ ಅಕ್ಷರ ಬಂದವು. ಅವು ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ನವು. ಫಾಂಟ್ ಹಾಕಿದ ಕೂಡಲೇ ಸರಿಯಾದವು.

ಲೆಕ್ಕ ಇದ್ದದ್ದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನ 8.4 ಆವೃತ್ತಿಯಲ್ಲಿ. ಅದರ ಡೇಟಾ ಫೋಲ್ಡರನ್ನು ಹೊಸ ಆವೃತ್ತಿಗೆ ಸುಮ್ನೆ ಕಾಪಿ ಮಾಡಿದರೆ ತೆರೆಯುವುದಿಲ್ಲ. ವರ್ಚುವಲ್ ಮಷಿನ್‌ನಲ್ಲಿ ಸೆಂಟ್‌ಓಎಸ್ 6 ಹಾಕಿ, ಅಲ್ಲಿ 8.4 ಓಡಿಸಿ, ಡಂಪ್ (ಇಡೀ ಡೇಟಾಬೇಸ್‌ನ ನಕಲು ಫೈಲ್) ತೆಗೆದು ಹೊಸದಕ್ಕೆ ತುಂಬಿಸಿದೆ. 2020ರ ನವೆಂಬರ್ 30ಕ್ಕೆ ಸೆಂಟ್‌ಓಎಸ್ 6ರ ಬೆಂಬಲ ನಿಂತಿದೆ. ಅದರ ಪ್ಯಾಕೇಜ್‌ಗಳು ಈಗ ವಾಲ್ಟ್ ಅನ್ನುವ ಹಳೇ ಸಂಗ್ರಹದಲ್ಲಿ ಸಿಗುತ್ತವೆ.

ಡಂಪ್ ತಕರಾರಿಲ್ಲದೆ ಮುಗಿಯಿತು. ಆದರೂ ಅಷ್ಟನ್ನೇ ನಂಬುವ ಹಾಗಿಲ್ಲ. ಪುಟ ಕೆಟ್ಟಿದೆಯೇ ಅಂತ ತಾನೇ ಪರೀಕ್ಷಿಸುವ ಚೆಕ್‌ಸಮ್ ಪೋಸ್ಟ್‌ಗ್ರೆಸ್‌ಗೆ ಬಂದದ್ದು 9.3ರಲ್ಲಿ. ಓದದೆ ಉಳಿದ ಆ ಕೆಲವು ಕೆಬಿ ಯಾವ ರೈತರ ಖಾತೆ ಮೇಲೆ ಬಿದ್ದಿದೆಯೋ ಗೊತ್ತಿಲ್ಲ. ಅದಕ್ಕೇ ಗುಮಾಸ್ತರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಹತ್ತಿರ ಇದ್ದ ಮುದ್ರಿತ ಖಾತೆ ಪುಸ್ತಕದ ಜೊತೆ ಒಬ್ಬೊಬ್ಬರ ಬಾಕಿ ತಾಳೆ ನೋಡಿದೆವು. ಬೇಸರದ ಕೆಲಸ, ನಿಜ. ಆದರೆ ಇದು ಇನ್ನೊಬ್ಬರ ದುಡಿಮೆಯ ಲೆಕ್ಕ. ಎಲ್ಲ ಬಾಕಿ ತಾಳೆಯಾದ ಮೇಲೆಯೇ ಹೊಸ ಮಷಿನ್ ಅಂಗಡಿಗೆ ಕಳಿಸಿದೆ.

ಅದರಲ್ಲಿ ರೇಡ್ ಎಚ್ಚರಿಕೆ ಸಾಹುಕಾರರ ಮಗನ ಮೇಲ್‌ಗೆ ಹೋಗುತ್ತದೆ. ರಾತ್ರಿ ಡಂಪ್ ಅಂಗಡಿಯ ಹೊರಗೆ, ಅವರ ಮನೆಯ ಡಿಸ್ಕ್‌ನಲ್ಲಿ ಬೀಳುತ್ತದೆ. ಹಳೇ ಮೂರು ಡಿಸ್ಕ್‌ಗಳ ಮೇಲೆ ಚೀಟಿ ಅಂಟಿಸಿ ಕೊಟ್ಟಿದ್ದೇನೆ. ಈ ವರ್ಷದ ಆಡಿಟ್ ಮುಗಿಯುವವರೆಗೆ ಗುಜರಿಗೆ ಹಾಕಬೇಡಿ ಅಂತಲೂ ಹೇಳಿದ್ದೇನೆ.